ಕಣ್ಣೆದುರು ಕೂತರಷ್ಟೇ ಕೆಲಸವೇ?

ಪ್ರಶ್ನೆ: ರಾಜಾಜಿನಗರದ ಲೆಕ್ಕಪರಿಶೋಧಕರ ಕಚೇರಿಯೊಂದರಲ್ಲಿ ಜಿಎಸ್‌ಟಿ ವಿಭಾಗವನ್ನು ನೋಡಿಕೊಳ್ಳುತ್ತಿದ್ದೇನೆ. ನಮ್ಮ 22 ಮಂದಿಯಲ್ಲಿ ಹೊಸಕೋಟೆ, ಕೆಂಗೇರಿ, ಆನೇಕಲ್ ಕಡೆಗಳಿಂದ ಬರುವವರೇ ಹೆಚ್ಚು. ವಾರಕ್ಕೆರಡು ದಿನ ಮನೆಯಿಂದ ಕೆಲಸ ಮಾಡುತ್ತೇವೆ ಎಂದರೆ ಯಜಮಾನರು, ‘ಕಣ್ಣೆದುರು ಇದ್ದಾಗಲೇ ಕೆಲಸ ಸಾಗುವುದಿಲ್ಲ, ಇನ್ನು ಮನೆಯಲ್ಲಿ ಕೂತರೆ?’ ಎನ್ನುತ್ತಾರೆ. ಹಿರಿಯ ಮೇಲ್ವಿಚಾರಕರಂತೂ ಮಾತೇ ಎತ್ತಗೊಡುವುದಿಲ್ಲ. ಇವರನ್ನು ಒಪ್ಪಿಸುವುದು ಹೇಗೆ?

– ಓದುಗರೊಬ್ಬರು, ಬೆಂಗಳೂರು

ಉತ್ತರ: ವಾದದಿಂದ ಒಪ್ಪಿಸುವ ಆಸೆಯನ್ನು ಮೊದಲು ಬಿಡಿ. ಚೀನಾದ ಪ್ರವಾಸ ಸಂಸ್ಥೆ ಟ್ರಿಪ್.ಕಾಮ್‌ನ 1,612 ಉದ್ಯೋಗಿಗಳ ನಡುವೆ ಇಂಥದ್ದೇ ಪ್ರಯೋಗ ನಡೆದಿತ್ತು. ಅದರ ಫಲಿತಾಂಶ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ವಾರದಲ್ಲಿ ಎರಡು ದಿನ ಮನೆಯಿಂದ ದುಡಿದವರ ಪೈಕಿ ಕೆಲಸ ಬಿಡುವವರ ಪ್ರಮಾಣ ಮೂರನೇ ಒಂದರಷ್ಟು ತಗ್ಗಿತು, ಕೆಲಸದ ಗುಣಮಟ್ಟ ಮಾತ್ರ ಕುಸಿಯಲಿಲ್ಲ. ನಿಮಗೆ ಬೇಕಾದ ಅಂಶ ಇನ್ನೊಂದಿದೆ: ಉತ್ಪಾದಕತೆ ಶೇ 2.6ರಷ್ಟು ಇಳಿಯಬಹುದೆಂದು ಆರಂಭದಲ್ಲಿ ಸರಾಸರಿ ಅಂದಾಜು ಮಾಡಿದ್ದ ವ್ಯವಸ್ಥಾಪಕರು, ಪ್ರಯೋಗ ಮುಗಿಯುವ ಹೊತ್ತಿಗೆ ಅದು ಶೇ 1ರಷ್ಟು ಏರುತ್ತದೆ ಎನ್ನತೊಡಗಿದ್ದರು. ಯಾರ ಭಾಷಣವೂ ಅವರ ಮನಸ್ಸು ತಿರುಗಿಸಲಿಲ್ಲ, ಕಣ್ಣಾರೆ ಕಂಡದ್ದು ತಿರುಗಿಸಿತು.

ಆದ್ದರಿಂದ ಯಜಮಾನರ ಬಳಿ ಯೋಜನೆಗೆ ಅನುಮತಿ ಕೇಳದೆ, ಮೂರು ತಿಂಗಳ, ಬೇಡವೆಂದರೆ ಮರುದಿನವೇ ನಿಲ್ಲಿಸಬಹುದಾದ ಪರೀಕ್ಷೆಯೊಂದಕ್ಕೆ ಒಪ್ಪಿಗೆ ಕೇಳಿ. ಅಳತೆಗೋಲನ್ನು ಹೊಸದಾಗಿ ಹುಡುಕಬೇಕಿಲ್ಲ. ಪ್ರತಿ ತಿಂಗಳು 11ರೊಳಗೆ ಮಾರಾಟದ ವಿವರದ ನಮೂನೆ ಜಿಎಸ್‌ಟಿಆರ್-1, 20ರೊಳಗೆ ತೆರಿಗೆ ಲೆಕ್ಕದ ನಮೂನೆ 3ಬಿ ಸಲ್ಲಿಸುವ ಕಕ್ಷಿದಾರರ ಪಟ್ಟಿ ನಿಮ್ಮ ಗೋಡೆಯ ಮೇಲೆಯೇ ಇರುತ್ತದೆ. ಎಷ್ಟು ಸಲ್ಲಿಕೆಯಾಯಿತು, ಎಷ್ಟಕ್ಕೆ ವಿಳಂಬ ಶುಲ್ಕ ಬಿತ್ತು ಎಂಬ ಎರಡೇ ಲೆಕ್ಕ ಸಾಕು. ಮೊದಲ ತಿಂಗಳು 20 ದಾಟಿದ ಮೇಲಿನ ದಿನಗಳಲ್ಲಷ್ಟೇ ನಡೆಸಿದರೆ ಯಜಮಾನರ ಎದೆಬಡಿತವೂ ಹದದಲ್ಲಿರುತ್ತದೆ.

ಆದರೆ ಅವರ ಹಿಂಜರಿಕೆಯೆಲ್ಲ ಹಟವೆಂದು ತಿಳಿಯಬೇಡಿ. ಕಕ್ಷಿದಾರರ ಡಿಜಿಟಲ್ ಸಹಿಯ ಟೋಕನ್‌ಗಳು ಪೆನ್‌ಡ್ರೈವಿನಂತೆ ಮೇಜಿನ ಡ್ರಾಯರಿನಲ್ಲಿರುತ್ತವೆ, ಒಟಿಪಿ ಯಾರದೋ ಮೊಬೈಲಿಗೆ ಬರುತ್ತದೆ, ಖರೀದಿ ಬಿಲ್ಲುಗಳು ಇನ್ನೂ ಚೀಲದಲ್ಲಿಯೇ ಬಂದಿಳಿಯುತ್ತವೆ. ಟೋಕನ್ ಕಚೇರಿ ಬಿಟ್ಟು ಹೊರಗೆ ಹೋಗಕೂಡದು, ಸಹಿಯ ಕೆಲಸ ಕಚೇರಿಯ ದಿನಗಳಲ್ಲೇ ಆಗಬೇಕು, ಬಿಲ್ಲುಗಳು ಬಂದ ದಿನವೇ ಸ್ಕ್ಯಾನ್ ಆಗಬೇಕು, ಲೆಕ್ಕಪತ್ರದ ತಂತ್ರಾಂಶ ಟ್ಯಾಲಿಯ ದತ್ತಾಂಶ ಮನೆಯ ಲ್ಯಾಪ್‌ಟಾಪಿನಲ್ಲಿ ಉಳಿಯಕೂಡದು ಎಂಬುದನ್ನು ನೀವೇ ಬರೆದು ಮುಂದಿಟ್ಟರೆ ಅರ್ಧ ತಕರಾರು ಅಲ್ಲಿಯೇ ಕರಗುತ್ತದೆ.

ನನ್ನ ಅನುಭವದಲ್ಲಿ ನಿಜವಾದ ಗಂಟು ಇರುವುದು ಮೇಲ್ವಿಚಾರಕರಲ್ಲಿ. ಸಾಲು ಮೇಜುಗಳ ನಡುವೆ ಓಡಾಡಿ ಕೆಲಸ ತೆಗೆಸುವುದೇ ವರ್ಷಗಟ್ಟಲೆ ಅವರ ಹುದ್ದೆಯಾಗಿರುವಾಗ, ಮೇಜು ಖಾಲಿಯಾದರೆ ತಮಗೇನು ಕೆಲಸ ಎಂಬ ಅಳುಕನ್ನು ಅವರು ಬಾಯಿ ಬಿಟ್ಟು ಹೇಳಲಾರರು. ಬೆಳಗಿನ ಹತ್ತು ನಿಮಿಷದ ಫೋನ್ ಸಭೆಯನ್ನೂ ಸಂಜೆಯ ಪಟ್ಟಿ ಪರಿಶೀಲನೆಯನ್ನೂ ಅವರ ಹೆಸರಿಗೇ ಬಿಡಿ. ಯಾರು ಯಾವ ದಿನ ಮನೆಯಲ್ಲಿ ಎಂಬುದನ್ನೂ ಅವರೇ ನಿರ್ಧರಿಸಲಿ.

ಒಂಟಿ ಕೋಣೆಯ ಮನೆಯವರಿಗೆ ಕಚೇರಿಯೇ ಹಿತವೆನಿಸಬಹುದು, ಅವರನ್ನು ಒತ್ತಾಯಿಸಬೇಡಿ. ಮೊದಲ ಸರದಿಯಲ್ಲಿ ನಿಮ್ಮ ಹೆಸರನ್ನೂ ಸೇರಿಸಬೇಡಿ. ಆ ಮೂರು ತಿಂಗಳು ನೀವು ಯಜಮಾನರ ಕಣ್ಣೆದುರೇ ಇರಿ.