ಬ್ಯಾಕಪ್ ಮುಗಿದರೂ ಪ್ರೋಗ್ರಾಂ ಏಳುತ್ತಿಲ್ಲವೇ? ಮೊದಲು ಕ್ರಾನ್ ಕಡೆ ನೋಡಿ

ಪ್ರೋಗ್ರಾಂ ನಿಲ್ಲಿಸಿ, ಬ್ಯಾಕಪ್ ತೆಗೆದು, ಮತ್ತೆ ಶುರು ಮಾಡುವ ಸ್ಕ್ರಿಪ್ಟ್ ನಿಮ್ಮದು. ಕೈಯಲ್ಲಿ ಓಡಿಸಿದರೆ ಅದು ಸರಿಯಾಗಿದೆ, ರಾತ್ರಿ ಕ್ರಾನ್ (ಲಿನಕ್ಸ್‌ನಲ್ಲಿ ಹೇಳಿದ ಹೊತ್ತಿಗೆ ಕೆಲಸ ಓಡಿಸುವ ವ್ಯವಸ್ಥೆ) ಓಡಿಸಿದಾಗ ಮಾತ್ರ ಬ್ಯಾಕಪ್ ಆದ ಮೇಲೆ ಪ್ರೋಗ್ರಾಂ ಶುರುವಾಗುವುದಿಲ್ಲ ಅಂದಿರಿ, ಅಲ್ವಾ? ಹಾಗಾದರೆ ಬ್ಯಾಕಪ್ ಮೇಲೆ ಅನುಮಾನ ಬೇಡ.

ಕ್ರಾನ್ ನಿಮ್ಮ ಲಾಗಿನ್ ಸೆಟ್ಟಿಂಗ್ ಯಾವುದನ್ನೂ ಓದುವುದಿಲ್ಲ. ಅದರ ಪಾತ್, ಅಂದರೆ ಕಮಾಂಡ್ ಹುಡುಕುವ ಫೋಲ್ಡರ್‌ಗಳ ಪಟ್ಟಿ, ತುಂಬಾ ಚಿಕ್ಕದು. ಎಸ್‌ಬಿನ್ (sbin) ಫೋಲ್ಡರ್‌ನ ಕಮಾಂಡ್‌ಗಳು ಎಷ್ಟೋ ಸಲ ಅದಕ್ಕೆ ಕಾಣುವುದೇ ಇಲ್ಲ. ಕಮಾಂಡ್‌ಗಳಿಗೆ ಪೂರ್ತಿ ಪಾತ್ ಕೊಡಿ, ಔಟ್‌ಪುಟ್ ಮತ್ತು ಎರರ್ ಎರಡನ್ನೂ ಒಂದು ಲಾಗ್ ಫೈಲಿಗೆ ಬಿಡಿ. ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಫೈಲ್ ಹೆಸರಿಗೆ ತಾರೀಕು ಸೇರಿಸಲು ಕ್ರಾನ್‌ಟ್ಯಾಬ್ (ಕ್ರಾನ್ ಕೆಲಸಗಳ ಪಟ್ಟಿ) ಸಾಲಿನಲ್ಲೇ % ಬರೆದಿದ್ದರೆ ಅದಕ್ಕೆ ಮೊದಲು \ ಹಾಕಿ (\%). ಇಲ್ಲದಿದ್ದರೆ ಕಮಾಂಡ್ ಅಲ್ಲಿಗೇ ತುಂಡಾಗುತ್ತದೆ.

ಇನ್ನೊಂದು ಎಡವಟ್ಟು ನಾನೇ ಮಾಡಿಕೊಂಡಿದ್ದು. ಎರಡು ಬ್ಯಾಕಪ್ ಒಟ್ಟಿಗೆ ಓಡಬಾರದು ಅಂತ ಸ್ಕ್ರಿಪ್ಟ್‌ನಲ್ಲಿ ಎಫ್‌ಲಾಕ್ (ಫೈಲಿಗೆ ಬೀಗ ಹಾಕುವ ಕಮಾಂಡ್) ಹಾಕಿದ್ದೆ, ಲಾಕ್ ಫೈಲ್ 9ನೇ ನಂಬರಿನಲ್ಲಿ (ಫೈಲ್ ಡಿಸ್ಕ್ರಿಪ್ಟರ್) ತೆರೆದಿತ್ತು. ಸ್ಕ್ರಿಪ್ಟ್ ಕಾಯದೆ ಮುಂದೆ ಹೋಗಲಿ ಅಂತ ಸಾಲಿನ ಕೊನೆಯಲ್ಲಿ & ಹಾಕಿ ಪ್ರೋಗ್ರಾಂ ಶುರು ಮಾಡಿದ್ದೆ. ಸ್ಕ್ರಿಪ್ಟ್ ಮುಗಿಯಿತು, ಆದರೆ ತೆರೆದ ಲಾಕ್ ಆ ಪ್ರೋಗ್ರಾಂ ಕೈಯಲ್ಲೇ ಉಳಿಯಿತು. ಮರುದಿನ ಬ್ಯಾಕಪ್ ಬಂದು ಲಾಕ್ ನೋಡಿ ಸುಮ್ನೆ ವಾಪಸ್ ಹೋಯಿತು. ಎರರ್ ಇಲ್ಲ, ಮೇಲ್ ಇಲ್ಲ. ಹಳೇ ಫೈಲ್ ಒಂದು ಬೇಕಾದ ದಿನವೇ ನನಗೆ ಗೊತ್ತಾಗಿದ್ದು! ಪ್ರೋಗ್ರಾಂ ಶುರು ಮಾಡುವ ಸಾಲಿನಲ್ಲಿ, ಕೊನೆಯ & ಗುರುತಿಗೆ ಮೊದಲು, ಆ ಫೈಲನ್ನು ಮುಚ್ಚುವ 9>&- ಸೇರಿಸಿದರೆ ಇದು ಸರಿಹೋಗುತ್ತದೆ.

ಆದರೆ ಈ ತೇಪೆ ಯಾಕೆ? ಸಿಸ್ಟಮ್‌ಡಿ (ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ನೋಡಿಕೊಳ್ಳುವ ವ್ಯವಸ್ಥೆ) ಇದ್ದರೆ ಪ್ರೋಗ್ರಾಮನ್ನು ಹೇಗೆ ಓಡಿಸಬೇಕೆಂದು ಹೇಳುವ ಒಂದು ಯುನಿಟ್ ಫೈಲ್ ಬರೆಯಿರಿ. ಸ್ಕ್ರಿಪ್ಟ್ ಅದರ ಕಮಾಂಡ್ ಆದ ಸಿಸ್ಟಮ್‌ಸಿಟಿಎಲ್‌ಗೆ (systemctl) ಸ್ಟಾಪ್, ಸ್ಟಾರ್ಟ್ ಅಂತ ಹೇಳಿದರೆ ಸಾಕು. ಆಗ ಪ್ರೋಗ್ರಾಮನ್ನು ಎಬ್ಬಿಸುವುದು ಸಿಸ್ಟಮ್‌ಡಿ, ಕ್ರಾನ್ ಅಲ್ಲ. ಲಾಕ್, ಪಾತ್ ಯಾವುದೂ ಅಂಟಿಕೊಂಡು ಬರುವುದಿಲ್ಲ. ಅದು ನಿಮ್ಮ ಖಾತೆಯಲ್ಲಿ ಓಡುವ ಯೂಸರ್ ಸರ್ವಿಸ್ ಆಗಿದ್ದರೆ ಲಿಂಗರ್ (linger) ಆನ್ ಮಾಡಿ. ಇಲ್ಲದಿದ್ದರೆ ನೀವು ಲಾಗೌಟ್ ಆದ ಮೇಲೆ ಅದೂ ಮಲಗುತ್ತದೆ.

ಸ್ಟಾರ್ಟ್ ಸಾಲನ್ನು ಸ್ಕ್ರಿಪ್ಟ್ ತುದಿಯಲ್ಲಿ ಇಡಬೇಡಿ. ಡಿಸ್ಕ್ ತುಂಬಿ ಬ್ಯಾಕಪ್ ನಡುವೆ ನಿಂತರೆ ಆ ಸಾಲಿಗೆ ತಲುಪದೇ ಇರಬಹುದು. ಪ್ರೋಗ್ರಾಂ ನಿಲ್ಲಿಸುವ ಮೊದಲೇ ಶೆಲ್‌ನ ಟ್ರ್ಯಾಪ್ (trap) ಕಮಾಂಡ್ ಬಳಸಿ, ಸ್ಕ್ರಿಪ್ಟ್ ಎಕ್ಸಿಟ್ ಆಗುವಾಗ ಪ್ರೋಗ್ರಾಂ ಸ್ಟಾರ್ಟ್ ಆಗುವಂತೆ ಮಾಡಿ. ಸ್ಕ್ರಿಪ್ಟನ್ನೇ ಕಿಲ್ -9 ಮಾಡಿ ಬಲವಂತವಾಗಿ ಕೊಂದರೆ ಟ್ರ್ಯಾಪ್ ಕೆಲಸ ಮಾಡುವುದಿಲ್ಲ.

ಅಂದಹಾಗೆ, ನಿಮ್ಮ ಪ್ರೋಗ್ರಾಂ ಪೋಸ್ಟ್‌ಗ್ರೆಸ್ ಡೇಟಾಬೇಸ್ ಆಗಿದ್ದರೆ ನಿಲ್ಲಿಸುವುದೇ ಬೇಡ, ಅದರ ಬ್ಯಾಕಪ್ ಕಮಾಂಡ್ ಪಿಜಿ ಡಂಪ್ (pg_dump) ಡೇಟಾಬೇಸ್ ಓಡುತ್ತಿರುವಾಗಲೇ ಸರಿಯಾದ ಪ್ರತಿ ತೆಗೆಯುತ್ತದೆ. ನಿಮ್ಮದು ಯಾವ ಪ್ರೋಗ್ರಾಂ ಅಂತ ಹೇಳಿ, ಲಾಗ್‌ನ ಕೊನೆಯ ಇಪ್ಪತ್ತು ಸಾಲು ಹಾಕಿ, ನೋಡೋಣ.