ಆಸ್ಪತ್ರೆ ಹತ್ತಿರ ಇದೆ, ಬಿಲ್ಲೇ ದೂರ

ಮಂಗಳೂರಿನಲ್ಲಿ ಇಷ್ಟೊಂದು ಆಸ್ಪತ್ರೆಗಳಿವೆ, ನಿಮಗೇನು ಚಿಂತೆ ಅಂತ ಕೇಳಿದ್ದೀರಿ. ಹೌದು, ತೊಕ್ಕೊಟ್ಟಿನಲ್ಲಿರುವ ನಮಗೆ ಕಂಕನಾಡಿಯೂ ಹತ್ತಿರ, ದೇರಳಕಟ್ಟೆಯೂ ಹತ್ತಿರ. ಕೇರಳದ ಕಾಸರಗೋಡು, ಮಂಜೇಶ್ವರದವರೂ ತಲಪಾಡಿ ಗಡಿ ದಾಟಿ ಇಲ್ಲಿಗೇ ಬರುತ್ತಾರೆ. 2020ರ ಲಾಕ್‌ಡೌನಿನಲ್ಲಿ ಗಡಿ ರಸ್ತೆಗೆ ಮಣ್ಣು ಸುರಿದಾಗ ಅವರು ಪಟ್ಟ ಪಾಡು ನಾವು ಮರೆತಿಲ್ಲ.

ಕಷ್ಟ ಇರುವುದು ಬಿಲ್ಲಿನಲ್ಲಿ ಮಾರಾಯ್ರೆ.

ನಮ್ಮ ಅಪ್ಪನಿಗೆ 3 ಲಕ್ಷದ ಆರೋಗ್ಯ ವಿಮೆ ಪಾಲಿಸಿ ಇತ್ತು. ಅದರಲ್ಲಿ ರೂಮ್ ಬಾಡಿಗೆಗೆ ದಿನಕ್ಕೆ 3,000 ರೂಪಾಯಿ ಮಿತಿ. ಆಪರೇಷನ್ ದಿನ ಜನರಲ್ ವಾರ್ಡ್ ಬಿಟ್ಟರೆ ಖಾಲಿ ಇದ್ದದ್ದು 5,000ದ ರೂಮ್ ಮಾತ್ರ. ಮೇಲಿನ 2,000 ನಾವೇ ಕೊಟ್ಟರಾಯ್ತು ಅಂದುಕೊಂಡೆವು. ಡಿಸ್ಚಾರ್ಜ್ ದಿನ ನೋಡಿದರೆ ಸರ್ಜನ್ ಫೀಸು, ಓಟಿ ಚಾರ್ಜು, ನರ್ಸಿಂಗು, ಎಲ್ಲದಕ್ಕೂ ಅದೇ 5,000ಕ್ಕೆ 3,000ದ ಲೆಕ್ಕ ಹಿಡಿದು ಕಂಪನಿಯವರು ಐದರಲ್ಲಿ ಮೂರು ಪಾಲು ಮಾತ್ರ ಕೊಟ್ಟಿದ್ದರು, ಔಷಧಿ ಒಂದಕ್ಕೆ ಆ ಕಡಿತ ಇರಲಿಲ್ಲ. ಅಮ್ಮ ಬಳೆ ಅಡವಿಡಬೇಕಾಯ್ತು. ಅಡ್ಮಿಟ್ ಮಾಡುವಾಗ ಕೌಂಟರಿನಲ್ಲಿ ಒಂದು ಮಾತು ಹೇಳಿದ್ದರೆ ಜನರಲ್ ವಾರ್ಡಿನಲ್ಲೇ ಇರುತ್ತಿದ್ದೆವು, ಅಲ್ವಾ?

ಇನ್ಶೂರೆನ್ಸ್ ಕಂಪನಿಗಳನ್ನು ನೋಡಿಕೊಳ್ಳಲು ಐಆರ್‌ಡಿಎಐ ಅನ್ನುವ ವಿಮಾ ನಿಯಂತ್ರಣ ಪ್ರಾಧಿಕಾರ ಇದೆ. 2024ರಲ್ಲಿ ಅದು ಒಳ್ಳೆಯ ನಿಯಮಗಳನ್ನೇ ತಂದಿತು: ಕ್ಯಾಶ್‌ಲೆಸ್ (ಕಂಪನಿಯೇ ನೇರ ಆಸ್ಪತ್ರೆಗೆ ಹಣ ಕಟ್ಟುವುದು) ಕೇಳಿದರೆ 1 ಗಂಟೆಯೊಳಗೆ ಉತ್ತರ, ಡಿಸ್ಚಾರ್ಜಿಗೆ 3 ಗಂಟೆಯೊಳಗೆ ಒಪ್ಪಿಗೆ. 2025ರ ಜನವರಿಯಿಂದ ಹಿರಿಯರ ಪ್ರೀಮಿಯಂ ವರ್ಷಕ್ಕೆ ಶೇ. 10ಕ್ಕಿಂತ ಜಾಸ್ತಿ ಏರಿಸಬೇಕಾದರೆ ಕಂಪನಿ ಮೊದಲು ಅದರ ಹತ್ತಿರ ಮಾತಾಡಬೇಕು. ಆದರೆ ಆಸ್ಪತ್ರೆ ಎಷ್ಟು ಹಾಕಬೇಕು ಅನ್ನುವುದು ಅದರ ಕೈಯಲ್ಲಿಲ್ಲ. 2017ರಲ್ಲಿ ರಾಜ್ಯ ಸರಕಾರ ಖಾಸಗಿ ಆಸ್ಪತ್ರೆಗಳ ದರಕ್ಕೆ ಕಡಿವಾಣ ಹಾಕಲು ಹೊರಟಾಗ ಡಾಕ್ಟರುಗಳು ಮುಷ್ಕರ ಮಾಡಿದರು, ಕಾನೂನು ಮೆತ್ತಗಾಯ್ತು. ದರ ಪಟ್ಟಿ ತೋರಿಸಬೇಕು ಅನ್ನುವ ನಿಯಮವೇನೋ ಉಳಿದಿದೆ. ಆದರೆ ಬರೆದ ದರ ಸರಿಯೋ ಅಂತ ಕೇಳುವವರು ಯಾರು? ಆ ಬಿಲ್ ಏರಿದ ಹಾಗೆ ಪ್ರೀಮಿಯಂ ಏರುತ್ತದೆ, ಕೊನೆಗೆ ಎರಡೂ ನಮ್ಮ ತಲೆ ಮೇಲೆ. ಕಂಪನಿಯನ್ನು ಮಾತ್ರ ಹಿಡಿದರೆ ಸಾಲದು, ಆಸ್ಪತ್ರೆಯ ದರಕ್ಕೂ ಒಬ್ಬರು ಹೊಣೆ ಇರಬೇಕು ಅಂತ ನಾನು ಹೇಳುವುದು ಇದಕ್ಕೇ.

ನೀವು ಯಾರನ್ನಾದರೂ ಇಲ್ಲಿಗೆ ಕರೆತಂದರೆ ರೂಮ್ ಮಿತಿ ಮೊದಲೇ ನೋಡಿಕೊಳ್ಳಿ. ಕ್ಲೇಮ್ ತಿರಸ್ಕಾರವಾದರೆ ಸುಮ್ನೆ ಕೂರಬೇಡಿ. ಕಂಪನಿಗೆ ಬರೆಯಿರಿ, ಅಲ್ಲಿ ಆಗದಿದ್ದರೆ ವಿಮೆಯ ದೂರು ಕೇಳುವ ವಿಮಾ ಲೋಕಪಾಲರಿಗೆ (ಓಂಬುಡ್ಸ್‌ಮನ್) ಬರೆಯಿರಿ, ಅದಕ್ಕೆ ಫೀಸಿಲ್ಲ. ನಮ್ಮ ದೂರು ಬೆಂಗಳೂರಿನ ಕಚೇರಿಗೆ ಹೋಗುತ್ತದೆ. ಅದೇ ವಾರ್ಡಿನ ಪಕ್ಕದ ಮಂಚದಲ್ಲಿ ಮಲಗಿದ ಮಂಜೇಶ್ವರದವರದ್ದು ಕೊಚ್ಚಿಗೆ.