ಜನವರಿಯಲ್ಲಿ ಡರ್ವೆಂಟ್ ಜಲಾಶಯಗಳ ಗುಂಪು ಚಾರಣ: ಕುಮಾರಪರ್ವತದ ಅನುಭವ ಸಾಕೇ?

ಶೆಫೀಲ್ಡ್‌ನಲ್ಲಿ ಓದುತ್ತಿದ್ದೀರಿ, ಜನವರಿ ಮೊದಲ ವಾರ ಗೈಡ್ ಜೊತೆ ಇಂಗ್ಲೆಂಡಿನ ಪೀಕ್ ಡಿಸ್ಟ್ರಿಕ್ಟ್‌ನ ಡರ್ವೆಂಟ್ ಕಣಿವೆಯಲ್ಲಿ 16 ಕಿ.ಮೀ. ನಡೆಯಲಿದ್ದೀರಿ, ಕುಮಾರಪರ್ವತ ಹತ್ತಿದ್ದೀರಿ, ಅಷ್ಟು ಸಾಕೇ ಅಂತ ಕೇಳಿದ್ದೀರಿ. ಕಾಲಿಗೆ ಧಾರಾಳವಾಗಿ ಸಾಕು. ನಡಿಗೆ ಶುರುವಾಗುವ ಫೇರ್‌ಹೋಮ್ಸ್ ಕಾರ್ ಪಾರ್ಕಿನಿಂದ ಬ್ಯಾಕ್ ಟಾರ್ ಬೆಟ್ಟದ ತುದಿಗೆ (538 ಮೀ.) ಏರು ಮುನ್ನೂರು ಚಿಲ್ಲರೆ ಮೀಟರ್ ಅಷ್ಟೇ. ಬಟ್ಟೆ ವಿಷಯದಲ್ಲಿ ಮಾತ್ರ ನಮ್ಮ ಕಡೆಯ ರೂಢಿ ಅಲ್ಲಿ ನಡೆಯುವುದಿಲ್ಲ.

ಎಡವಟ್ಟಾಗುವುದು ಹೀಗೆ: ಕಾರ್ ಪಾರ್ಕಿನಲ್ಲಿ ಚಳಿ ಅಂತ ಇದ್ದಬದ್ದದ್ದನ್ನೆಲ್ಲ ಹಾಕಿಕೊಂಡು ಹೊರಡುತ್ತಾರೆ. ಪೈನ್ ತೋಪಿನೊಳಗೆ ಗಾಳಿ ಆಡುವುದಿಲ್ಲ, ಏರು ಶುರುವಾದ ಹತ್ತೇ ನಿಮಿಷಕ್ಕೆ ಒಳಬಟ್ಟೆ ಬೆವರಿನಲ್ಲಿ ಒದ್ದೆ. ಮರ ಮುಗಿದು ಮೂರ್‌ಲ್ಯಾಂಡ್ ಬಂತೆಂದರೆ ಹೆದರ್ ಪೊದೆ, ಪೀಟ್ ಎಂಬ ಕಪ್ಪು ಜವುಗುಮಣ್ಣು, ಎಲ್ಲೂ ಮರೆಯಿಲ್ಲ. ಹಿಂದುಳಿದವರಿಗಾಗಿ ಗುಂಪು ನಿಲ್ಲಲೇಬೇಕು; ನಡುಕ ಹತ್ತುವುದು ಹಾಗೆ ನಿಂತಾಗಲೇ. ಹಾಗಾಗಿ ಏರಿನ ಬುಡದಲ್ಲೇ, ಬೆವರುವ ಮುಂಚೆ, ಒಂದು ಪದರ ತೆಗೆಯಿರಿ. ಕೊನೆಯ ಮರಗಳ ಮರೆಯಲ್ಲೇ ಗಾಳಿ ತಡೆಯುವ ಜಾಕೆಟ್ ಹಾಕಿ. ಹೊರಟ ಮೊದಲ ಹತ್ತು ನಿಮಿಷ ಸ್ವಲ್ಪ ಚಳಿ ಅನ್ನಿಸಿದರೆ ನಿಮ್ಮ ಲೆಕ್ಕ ಸರಿಯಿದೆ.

ಮೈಗೆ ತಾಗುವ ಬಟ್ಟೆ ಮೆರಿನೊ ಉಣ್ಣೆಯದೋ ಪಾಲಿಯೆಸ್ಟರಿನದೋ ಇರಲಿ, ಅದರ ಮೇಲೆ ತೆಳು ಫ್ಲೀಸ್, ಮಳೆಗೆ ಜಾಕೆಟ್ ಮತ್ತು ಪ್ಯಾಂಟ್ ಎರಡೂ. ನಿಂತಾಗ ಹಾಕುವ ದಪ್ಪ ಜಾಕೆಟ್ ಬ್ಯಾಗಿನಲ್ಲಿ ಎಲ್ಲಕ್ಕಿಂತ ಮೇಲಿರಬೇಕು. ಜೀನ್ಸ್, ಹತ್ತಿ ಬನಿಯನ್ ಬೇಡವೇ ಬೇಡ: ಹತ್ತಿ ನೀರು ಹೀರಿದರೆ ಬೇಗ ಒಣಗುವುದಿಲ್ಲ. ಗ್ಲೌಸ್ ಎರಡು ಜೊತೆ. ಬ್ಯಾಗಿನ ಮೇಲ್ಹೊದಿಕೆ ಗಾಳಿಗೆ ಹಾರುತ್ತದೆ, ಬಟ್ಟೆಗಳನ್ನು ಒಳಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಕಣಕಾಲು ಮುಚ್ಚುವ, ಅಡಿಯಲ್ಲಿ ಆಳವಾದ ಹಲ್ಲಿರುವ ಬೂಟು ಬೇಕು. ಪೈನ್ ನೆರಳಿನ ದಾರಿಗೆ ಬಿಸಿಲು ತಾಗದೆ ಮಂಜುಗಡ್ಡೆ ಮಧ್ಯಾಹ್ನವಾದರೂ ಕರಗಿರುವುದಿಲ್ಲ. ಡರ್ವೆಂಟ್ ಎಡ್ಜ್ ಎಂಬ ಬೆಟ್ಟದಂಚಿನ ಮೇಲೆ ಪೀಟ್ ಸವೆಯದಿರಲೆಂದು ಹಾಸಿದ ಕಲ್ಲುಚಪ್ಪಡಿಗಳ ಮೇಲೆ ಹಿಮ ಗಟ್ಟಿಯಾದರೆ ಒಳ್ಳೆಯ ಬೂಟೂ ಜಾರುತ್ತದೆ. ಬೂಟಿನಡಿಗೆ ತೊಡಿಸುವ ಮೊಳೆಹಲ್ಲಿನ ಮೈಕ್ರೋಸ್ಪೈಕ್ ಬೇಕಾಗುತ್ತದೆಯೇ ಅಂತ ಹಿಂದಿನ ದಿನವೇ ಗೈಡ್ ಹತ್ತಿರ ಕೇಳಿ. ಅವರ ಅರ್ಹತೆಯನ್ನೂ ಕೇಳಿ, ಸಂಕೋಚ ಬೇಡ. ಹಿಲ್ ಅಂಡ್ ಮೂರ್‌ಲ್ಯಾಂಡ್ ಲೀಡರ್ ಪ್ರಮಾಣಪತ್ರ ಹಿಮ, ಮಂಜುಗಡ್ಡೆಯ ಪರಿಸ್ಥಿತಿಗೆ ಅನ್ವಯಿಸುವುದಿಲ್ಲ; ಅದಕ್ಕೆ ವಿಂಟರ್ ಮೌಂಟನ್ ಲೀಡರ್ ಬೇರೆ ಇದೆ.

ಗಂಟೆಗೆ 5 ಕಿ.ಮೀ., ಪ್ರತಿ 600 ಮೀ. ಏರಿಗೆ ಇನ್ನೊಂದು ಗಂಟೆ ಎಂಬ ನೈಸ್ಮಿತ್ ಲೆಕ್ಕದಲ್ಲಿ ಇದು ಮೂರೂಮುಕ್ಕಾಲು ಗಂಟೆಯ ದಾರಿ. ಕೆಸರಿನಲ್ಲಿ, ಗುಂಪಿನಲ್ಲಿ, ಆರು ಅಂತ ಹಿಡಿಯಿರಿ. ಸೂರ್ಯ ನಾಲ್ಕಕ್ಕೆಲ್ಲ ಮುಳುಗುತ್ತಾನೆ, ಹೆಡ್‌ಟಾರ್ಚ್ ಇಲ್ಲದೆ ಹೋಗಬೇಡಿ. ಚಳಿಗೆ ಫೋನ್ ಬ್ಯಾಟರಿ ಬೇಗ ಇಳಿಯುತ್ತದೆ, ಒಳಜೇಬಿನಲ್ಲಿಡಿ. ಅವಘಡವಾದರೆ 999ಕ್ಕೆ ಕರೆ ಮಾಡಿ ಮೊದಲು ಪೊಲೀಸ್, ಆಮೇಲೆ ಮೌಂಟನ್ ರೆಸ್ಕ್ಯೂ ಕೇಳಬೇಕು. ಸಿಗ್ನಲ್ ಇಲ್ಲದಿದ್ದರೆ ನಿಮಿಷಕ್ಕೆ ಆರು ಸೀಟಿ.

ಊಟಕ್ಕೆಂದು ಅರ್ಧ ಗಂಟೆ ಕೂರಲಾಗದು. ಚಪಾತಿ ರೋಲ್, ಕಡಲೆಕಾಯಿ, ಒಣಕೊಬ್ಬರಿ, ಬೆಲ್ಲ ಜೇಬಿನಲ್ಲಿರಲಿ, ನಡೆಯುತ್ತಲೇ ಬಾಯಿಗೆ ಹಾಕಿಕೊಳ್ಳಿ. ಫ್ಲಾಸ್ಕಿನಲ್ಲಿ ಸಿಹಿಯಾದ ಬಿಸಿ ಚಹಾ.

ಚೆನ್ನಾಗಿ ಮಳೆಯಾದ ವಾರವಾದರೆ 1916ರಲ್ಲಿ ಮುಗಿದ ಡರ್ವೆಂಟ್ ಅಣೆಕಟ್ಟಿನ ಮೇಲಿಂದ ನೀರು ಬೆಳ್ಳಗೆ ಪರದೆಯಂತೆ ಧುಮುಕುತ್ತಿರಬಹುದು. ಹೊರಡುವ ಮುಂಚೆಯೇ ಅದರ ಬುಡದಲ್ಲಿ ಹತ್ತು ನಿಮಿಷ ನಿಂತು ನೋಡಿಬಿಡಿ, ವಾಪಸ್ ಬರುವಷ್ಟರಲ್ಲಿ ಕತ್ತಲಾಗಿರುತ್ತದೆ.